ಮದರಂಗಿ ಬೆರಳಿಗೆ ತೆರೆಯದ ಕಂಪ್ಯೂಟರು

ಆಗಂಗಿಲ್ಲ ಅಂತ ಮೊದಲು ಅಂದವರು ಹಿರೇಮಠ ಸರ್. ಬೈಲಹೊಂಗಲದಲ್ಲಿ ನಾನು ಬಿಸಿಎ ಓದುತ್ತಿದ್ದ ಕಾಲೇಜಿನಲ್ಲಿ ಅವರು ಕಂಪ್ಯೂಟರ್ ವಿಭಾಗದ ಮುಖ್ಯಸ್ಥರು, ನನ್ನ ಕೊನೆಯ ಸೆಮಿಸ್ಟರಿನ ಪ್ರಾಜೆಕ್ಟಿಗೆ ಗೈಡ್. ಲ್ಯಾಬಿನ ಮೆಟ್ಟಿಲ ಅಂಚಿಗೆ ಚಪ್ಪಲಿಯ ಎರೆಮಣ್ಣು ಕೆರೆಯುತ್ತ, ನನ್ನ ಮುಖ ನೋಡದೆ ಅಂದರು:

"ನೋಡವಾ ಶೋಭಾ, ಇದು ಆಗೂ ಮಾತಲ್ಲ. ಆ ಬೆರಳಚ್ಚಿನ ಡಬ್ಬಿ ಮಾಡಿದ ಕಂಪನಿಯವರೇ ಇದಕ್ಕ ಕೈ ಹಾಕಿಲ್ಲ. ಮುರಗೋಡದಿಂದ ದಿನಾ ಬಸ್ಸಿಗೆ ಜೋತುಬಿದ್ದು ಬರೂ ಹುಡುಗಿ ನೀ ಮಾಡ್ತಿ? ಎಲ್ಲಾರಂಗ ಲೈಬ್ರರಿದೋ ದವಾಖಾನಿದೋ ಒಂದು ಪ್ರಾಜೆಕ್ಟ್ ಮಾಡು. ಪಾಸಾಗು. ಸುಮ್ನ ಯಾಕ ತಲಿ ಕೆಡಿಸ್ಕೋತಿ?"

ಸರ್ ಒಳಗೆ ಹೋದ ಮೇಲೆ ನನ್ನ ಜೊತೆಗಾತಿ ಮೈಮುನಾ ಮೆಲ್ಲಗೆ ಅಂದಳು: "ಕಂಪನಿಯವರಿಗೆ ಟೈಮ್ ಇರಂಗಿಲ್ಲ ಬಿಡು. ನಮಗ ಸಂಜೀ ಬಸ್ ಬರೂತನಾ ಟೈಮ್ ಐತೆಲ್ಲ."

ಇದೆಲ್ಲ ಮತ್ತೆ ನೆನಪಾದದ್ದು ಮೊನ್ನೆ ಕಟಕೋಳದ ಒಂದು ಹೈಸ್ಕೂಲಿನಲ್ಲಿ. ಈಗ ನನ್ನ ಕೆಲಸವೇ ಅದು. ಬೈಲಹೊಂಗಲ, ಕಿತ್ತೂರು, ಸವದತ್ತಿ, ರಾಮದುರ್ಗ ಎಂದು ತಿರುಗುತ್ತ, ಶಾಲೆಗಳಲ್ಲಿ ಗ್ರಂಥಾಲಯಗಳಲ್ಲಿ ಮೂಲೆಗೆ ಬಿದ್ದ ಕಂಪ್ಯೂಟರುಗಳಿಗೆ ಲಿನಕ್ಸ್ ಹಾಕಿ ನಡೆಯುವ ಹಾಗೆ ಮಾಡಿಕೊಡುತ್ತೇನೆ. ಕೇಬಲ್ ಸಿಕ್ಕಿಸಲು ಟೇಬಲ್ಲಿನ ಕೆಳಗೆ ತೂರಿಕೊಂಡಿದ್ದಾಗ ಒಂಬತ್ತನೆಯ ಇಯತ್ತೆಯ ಹುಡುಗಿಯೊಬ್ಬಳು ಬಗ್ಗಿ, "ಟೀಚರ್, ಈ ವಾಯರ್ ನಾ ಹಿಡೀಲೇನ್ರಿ?" ಎಂದು ಕೈ ಚಾಚಿದಳು. ಪಂಚಮಿಯ ಮಾರನೆಯ ದಿನ. ಆ ಕೈಯಿಂದ ಹಸಿ ಮದರಂಗಿಯ ವಾಸನೆ ಬಂತು, ಎಲೆಯದು, ಹುಣಸೆಯದು, ಸ್ವಲ್ಪ ಕಾಚಿನದು. ನಾನು ಅಲ್ಲೇ, ಟೇಬಲ್ಲಿನ ಕೆಳಗೇ ಕುಳಿತುಬಿಟ್ಟೆ. ಆ ಒಂದು ಶ್ರಾವಣ ಪೂರ್ತಿ ಮೂಗಿನೊಳಗಿಂದ ಎದ್ದು ಬಂತು.

ಆ ವರ್ಷ ನಮ್ಮ ಪರೀಕ್ಷೆಗಳು ಹಿಂದೆ ಬಿದ್ದು ಬಿದ್ದು ಮಳೆಗಾಲಕ್ಕೆ ಬಂದಿದ್ದವು. ಕಾಲೇಜಿನಲ್ಲಿ ಕಂಪ್ಯೂಟರು ನಡೆಸುವ ಹಳೆಯ ವ್ಯವಸ್ಥೆಯನ್ನು ಅದರ ಕಂಪನಿ ಕೈಬಿಟ್ಟಿತೆಂದು, ಹೊಸದನ್ನು ಹೊರುವ ಶಕ್ತಿ ಆ ಯಂತ್ರಗಳಿಗೆ ಇಲ್ಲವೆಂದು, ಲ್ಯಾಬಿನ ಕಂಪ್ಯೂಟರುಗಳಿಗೆಲ್ಲ ಲಿನಕ್ಸ್ ಹಾಕಿದ್ದರು. ಯಾರ ಒಡೆತನದ್ದೂ ಅಲ್ಲದ, ಯಾರು ಬೇಕಾದರೂ ಒಳಗೆ ಬಿಚ್ಚಿ ನೋಡಿ ತಿದ್ದಬಹುದಾದ ತಂತ್ರಾಂಶ ಅದು. ಯಂತ್ರಗಳೇನೋ ಚುರುಕಾದವು. ಆದರೆ ಪ್ರತಿ ಪಿರಿಯಡ್ಡಿನ ಮೊದಲ ಭಾಗ ಪಾಸ್‌ವರ್ಡ್ ಮರೆತವರ ಪಾಳಿಗೆ ಹೋಗುತ್ತಿತ್ತು. "ಸರ್, ನಂದು ಬರವಲ್ದು", "ಸರ್, ನಂದು ಯಾರೋ ಬದಲಿ ಮಾಡ್ಯಾರ" ಎಂದು ಸರ್ ಸುತ್ತ ಜಾತ್ರೆ. ಕಪಾಟಿನಲ್ಲಿ ಮಾತ್ರ ಬೆರಳಚ್ಚು ಓದುವ ಪುಟ್ಟ ಡಬ್ಬಿಗಳು ಸಾಲಾಗಿ ಬಿದ್ದಿದ್ದವು. ಬೆರಳಿಟ್ಟರೆ ಕೆಳಗಿನಿಂದ ನೀಲಿ ಬೆಳಕು ಹಚ್ಚಿ, ಬೆರಳಿನ ಗೆರೆಗಳ ಚಿತ್ರ ತೆಗೆದು, ಕಂಪ್ಯೂಟರಿನ ಬಾಗಿಲು ತೆರೆಯುವಂಥವು. ಹಳೆಯ ವ್ಯವಸ್ಥೆಗೆಂದು ತಂದದ್ದು. ಲಿನಕ್ಸಿನ ಜೊತೆ ಮಾತಾಡಲು ಅವಕ್ಕೆ ಬರುತ್ತಿರಲಿಲ್ಲ. ಮಾತು ಕಲಿಸುವ ಸಣ್ಣ ಪ್ರೋಗ್ರಾಂ ಇರಬೇಕು, ಅದಕ್ಕೆ ಡ್ರೈವರ್ ಅನ್ನುತ್ತಾರೆ. ಈ ಡಬ್ಬಿಗೆ ಅದನ್ನು ಯಾರೂ ಬರೆದಿರಲಿಲ್ಲ. ನಾವು ಬರೆಯುತ್ತೇವೆ ಅಂದದ್ದೇ ಸರ್ ಜೊತೆಗಿನ ಜಗಳ.

ನನಗೆ ಅದು ಬರೀ ಮಾರ್ಕ್ಸಿನ ಪ್ರಶ್ನೆ ಆಗಿರಲಿಲ್ಲ. ನಮ್ಮ ಮನೆತನದಲ್ಲಿ ಡಿಗ್ರಿ ದಾಟಿದವರು ಒಬ್ಬರೂ ಇಲ್ಲ. ನಮ್ಮ ಅಪ್ಪ ದನದ ಸಂತೆಯಲ್ಲಿ ದಲಾಲಿ ಮಾಡುವವನು. ಕಾಕಾನ ಮಗ ಮಹಾಂತೇಶ ಕೊನೆಯ ವರ್ಷಕ್ಕೆ ನಪಾಸಾಗಿ ಮನೆಗೆ ಬಂದು ಕುಳಿತಾಗ ಕಾಕಾ ಅಂದ ಮಾತು ಮನೆಯ ಗೋಡೆಗೆ ಹತ್ತಿಕೊಂಡಿತ್ತು: "ಡಿಗ್ರಿ ಅನ್ನೂದು ನಮಗ ಒಗ್ಗೂದಲ್ಲ." ನನ್ನ ತಂಗಿ ಸಾವಿತ್ರಿ ಆ ವರ್ಷವೇ ಪಿಯುಸಿ ಮುಗಿಸಿ, ಒಳ್ಳೆಯ ಮಾರ್ಕ್ಸ್ ಹಿಡಿದು, ಸುಮ್ಮನೆ ಕುಳಿತಿದ್ದಳು. ಕಾಲೇಜು ಸೇರುವ ಮಾತೆತ್ತಿದಾಗಲೆಲ್ಲ ಅಪ್ಪ ಒಂದೇ ಅನ್ನುತ್ತಿದ್ದ:

"ಶೋಭಾಂದು ಮುಗೀಲಿ. ಆಕಿ ಪಾಸಾಗಿ ಬಂದ್ಲಂದ್ರ ಆಮ್ಯಾಲ ಸಣ್ಣಾಕಿದು ವಿಚಾರ ಮಾಡೂಣು."

ಪ್ರಾಜೆಕ್ಟ್ ಬಿದ್ದರೆ ನನ್ನ ಡಿಗ್ರಿ ಬೀಳುತ್ತದೆ, ನನ್ನದು ಬಿದ್ದರೆ ತಂಗಿಯದು ಏಳುವುದೇ ಇಲ್ಲ. ಹಾಗಿದ್ದ ಮೇಲೆ ಸುಲಭದ್ದನ್ನು ಯಾಕೆ ಹಿಡಿಯಲಿಲ್ಲ ಎಂದು ನೀವು ಕೇಳಬಹುದು. ಸುಲಭದ್ದು ಅಂದರೆ ಧಾರವಾಡದಿಂದ ಸಿದ್ಧ ಪ್ರಾಜೆಕ್ಟ್ ತಂದು ಹೆಸರು ಬದಲಿಸುವುದು. ನಮ್ಮ ವರ್ಗದ ಬಹಳ ಜನ ಹಾಗೇ ಮಾಡಿದರು. ನನಗೆ ಒಂದು ಹಟವಿತ್ತು: ಮನೆತನದ ಮೊದಲ ಡಿಗ್ರಿ ಇನ್ನೊಬ್ಬರು ಉಟ್ಟು ಬಿಟ್ಟ ಸೀರೆಯಂತೆ ಇರಬಾರದು.

ಕೆಲಸ ಹಿಡಿದ ಮೇಲೆ ಗೊತ್ತಾಯಿತು, ಡಬ್ಬಿಯ ಭಾಷೆ ಹೇಳಿಕೊಡುವ ಪುಸ್ತಕ ಎಲ್ಲಿಯೂ ಇಲ್ಲ. ಲ್ಯಾಬಿನ ಮೂಲೆಯಲ್ಲಿ ಹಳೆಯ ವ್ಯವಸ್ಥೆಯೇ ಉಳಿದಿದ್ದ ಒಂದು ಕಂಪ್ಯೂಟರಿತ್ತು. ಅದಕ್ಕೆ ಡಬ್ಬಿಯನ್ನು ಚುಚ್ಚಿ, ಬೆರಳಿಟ್ಟು, ವಾಯರಿನಲ್ಲಿ ಹೋಗಿಬರುವ ಸಂಖ್ಯೆಗಳನ್ನೆಲ್ಲ ಕದ್ದು ಕೇಳುವುದೊಂದೇ ದಾರಿ. ಸಾಲು ಸಾಲು ಸಂಖ್ಯೆಗಳು. ಯಾವುದು ನಮಸ್ಕಾರ, ಯಾವುದು ಬೆಳಕು ಹಚ್ಚು ಎನ್ನುವುದು, ಯಾವುದು ಚಿತ್ರ, ಏನೂ ತಿಳಿಯದು.

ನನಗೆ ಅದು ಅಪ್ಪನ ಸಂತೆಯ ಹಾಗೆ ಕಂಡಿತು. ಸಂತೆಯಲ್ಲಿ ಎತ್ತಿನ ದರವನ್ನು ಬಾಯಿಬಿಟ್ಟು ಹೇಳುವುದಿಲ್ಲ. ಕೈಮೇಲೆ ಟವೆಲ್ ಹೊದಿಸಿ, ಅದರ ಕೆಳಗೆ ಬೆರಳು ಹಿಡಿದು ಹೇಳುತ್ತಾರೆ. ನೋಡುವವರಿಗೆ ಟವೆಲ್ ಅಲುಗಿದ್ದಷ್ಟೇ ಕಾಣುತ್ತದೆ. ಒಂದು ದಿನ ಊಟಕ್ಕೆ ಕುಳಿತಾಗ ಕೇಳಿದೆ:

"ಅಪ್ಪಾ, ಹೊರಗ ನಿಂತಾವ್ರಿಗೆ ದರ ಎಷ್ಟಾತಂತ ಗೊತ್ತಾಗಬೇಕಂದ್ರ ಏನ್ಮಾಡಬೇಕು?"

"ಗೊತ್ತಾಗಬಾರ್ದಂತನ ಅಲ್ಲೇನು ಟವೆಲ್ ಹಾಕೂದು?" ಎಂದು ಅಪ್ಪ ನಕ್ಕ. "ಯಾಕ, ನಿಮ್ಮ ಕಾಲೇಜಿನ್ಯಾಗ ಎತ್ತಿನ ವ್ಯಾಪಾರ ಸುರು ಮಾಡ್ಯಾರೇನು?"

ಅವ್ವ ಒಲೆಯ ಮುಂದಿನಿಂದಲೇ ಅಂದಳು: "ಮಾಡ್ಲಿ ಬಿಡ್ರಿ, ನಿಮಗಿಂತ ಬರೋಬರಿ ಮಾಡ್ತಾಳ."

ಜೂನ್ ಕಳೆಯಿತು. ಜಿಟಿಜಿಟಿ ಮಳೆ ಹಿಡಿದರೆ ಬಸ್ಸಿನ ಕಿಟಕಿಯಿಂದ ಹೊಲಗಳೆಲ್ಲ ಒಂದೇ ಕಪ್ಪು. ಒದ್ದೆ ಚೂಡಿದಾರದಲ್ಲೇ ಲ್ಯಾಬಿಗೆ ಬಂದು ಕೂರುತ್ತಿದ್ದೆ. ಮೈಮುನಾಳ ಮನೆ ಬೈಲಹೊಂಗಲದಲ್ಲೇ. ಅವಳ ಅಪ್ಪ ಗಾದಿ ಹೊಲಿಯುವವರು. ಅವಳ ತಲೆಗೂದಲಲ್ಲಿ ಯಾವಾಗಲೂ ಅರಳೆಯ ಒಂದೆರಡು ಎಳೆ ಸಿಕ್ಕಿಕೊಂಡಿರುತ್ತಿದ್ದವು. ಅವಳು ಬೆರಳಿಡುವುದು, ನಾನು ಸಂಖ್ಯೆ ನೋಡುವುದು. ಒಮ್ಮೆ ಬೆರಳಿಟ್ಟು, ಒಮ್ಮೆ ಇಡದೆ, ಎರಡರ ಸಾಲುಗಳನ್ನು ಪಕ್ಕಪಕ್ಕ ಹಿಡಿದು, ಎಲ್ಲಿ ಬೇರೆಯಾಯಿತು ಎಂದು ಹುಡುಕುವುದು. ಕಣ್ಣು ಉರಿದರೆ ಹೊರಗೆ ಹೋಗಿ ಚಹಾ ಕುಡಿದು ಬರುವುದು. ಹೀಗೆ ಒಂದೊಂದೇ ಮಾತು ಬಿಡಿಸಿಕೊಂಡೆವು.

ಮೊದಲ ಚಿತ್ರ ಬಂದ ದಿನ ಮೈಮುನಾ ಕುರ್ಚಿಯಿಂದ ಎದ್ದು ನಿಂತಳು. ಚಿತ್ರ ಅಂದರೆ ಚಿತ್ರವಲ್ಲ, ಹರಿದ ಚಾಪೆಯ ಹಾಗೆ ಏನೋ ಒಂದು. ಸಾಲಿನ ಉದ್ದ ತಪ್ಪಾಗಿ ಹಿಡಿದಿದ್ದೆ. ಸರಿಪಡಿಸಿ ಮತ್ತೆ ಇಟ್ಟಾಗ ಪರದೆಯ ಮೇಲೆ ಅವಳ ಹೆಬ್ಬೆರಳು ಬಂತು. ಗೆರೆಗಳು ನೇಗಿಲ ಸಾಲಿನ ಹಾಗೆ ಬಾಗಿ ಸುತ್ತಿ ಮಲಗಿದ್ದವು.

"ಯಾ ಅಲ್ಲಾ, ಇಷ್ಟು ಚೆಂದ ಐತೇನ ಲೇ ನನ್ನ ಬೆರಳ!" ಅಂದಳು. ಆ ಹೊತ್ತಿಗೆ ನನಗೆ ಬಂದ ಅಳು ಯಾಕೆ ಎಂದು ಈಗಲೂ ಹೇಳಲಾರೆ.

ಇಂಥ ಡಬ್ಬಿಗಳ ಡ್ರೈವರುಗಳನ್ನೆಲ್ಲ ಒಂದೆಡೆ ಕೂಡಿಸಿ ಜಗತ್ತಿಗೆ ಹಂಚುವ ಗುಂಪೊಂದಿದೆ. ಸಂಬಳವಿಲ್ಲದೆ ಬೇರೆ ಬೇರೆ ದೇಶಗಳಲ್ಲಿ ಕುಳಿತು ಕೆಲಸ ಮಾಡುವವರು. ನಾವು ಬರೆದದ್ದನ್ನು ಅವರಿಗೆ ಕಳಿಸಿದೆವು. ಪರೀಕ್ಷೆಗೆಂದು ಡಬ್ಬಿಯ ಮಾತುಕತೆಯ ಒಂದು ಮಾದರಿಯನ್ನೂ ಕೇಳಿದ್ದರು. ಅದು ಎಲ್ಲರಿಗೂ ಕಾಣುವಂತೆ ಉಳಿಯುತ್ತದೆ, ಅದಕ್ಕೇ ನಿಮ್ಮ ನಿಜವಾದ ಬೆರಳು ಇಡಬೇಡಿ ಎಂದೂ ಬರೆದಿದ್ದರು. ಬಹಳ ವಿಚಾರ ಮಾಡಿ ಮೈಮುನಾ ತನ್ನ ಮೊಣಕೈ ಒತ್ತಿದಳು.

"ನನ್ನ ಮೊಣಕೈ ಇಡೀ ಜಗತ್ತ ತಿರಗತೈತೆಲ್ಲ ಇನ್ನ, ಪಾಸ್‌ಪೋರ್ಟ್ ಇಲ್ಲದನ" ಎಂದು ವಾರವಿಡೀ ನಕ್ಕಳು.

ಅವರಿಂದ ಉತ್ತರ ಬಂತು. ಬರೆದವರು ಯಾರೋ, ಗಂಡಸೋ ಹೆಂಗಸೋ ತಿಳಿಯದು. ಸಣ್ಣ ಉತ್ತರ. ಕೆಲಸ ಚೆನ್ನಾಗಿದೆ, ಆದರೆ ಪ್ರತಿ ಸಲ ಚಿತ್ರ ತೆಗೆಯುವ ಮೊದಲು ನೀವು ಡಬ್ಬಿಗೆ ನಲವತ್ತೆಂಟು ಎಂದು ಹೇಳುತ್ತೀರಿ, ಅದೇನು ಎಂದು ಕೇಳಿದ್ದರು. ನಮಗೆ ಗೊತ್ತಿರಲಿಲ್ಲ. ಹಳೆಯ ವ್ಯವಸ್ಥೆ ಪ್ರತಿ ಸಲವೂ ಅದನ್ನೇ ಹೇಳುತ್ತಿತ್ತು, ನಾವೂ ಹೇಳಿದೆವು, ನಡೆಯಿತು. ಹಾಗೆಂದೇ ಬರೆದೆ. ಅರ್ಥ ತಿಳಿದ ಮೇಲೆ ಮತ್ತೆ ಬರೆಯಿರಿ, ಅರ್ಥ ತಿಳಿಯದ ಸಂಖ್ಯೆಯನ್ನು ನಾವು ಸೇರಿಸಿಕೊಳ್ಳುವುದಿಲ್ಲ ಎಂದು ಅಲ್ಲಿಂದ ಬಂತು.

"ಸೊಕ್ಕು ನೋಡು" ಅಂದಳು ಮೈಮುನಾ. ನನಗೂ ಸಿಟ್ಟು ಬಂತು. ನಡೆಯುತ್ತದಲ್ಲ, ಇನ್ನೇನು ಬೇಕು?

ಆ ಸಿಟ್ಟಿನಲ್ಲೇ ಒಂದು ಜಂಬದ ಕೆಲಸ ಮಾಡಿದೆವು. ಪಂಚಮಿಯ ಸೂಟಿ ಮುಗಿದ ಮೇಲೆ ವೈವಾ ಇತ್ತು. ಧಾರವಾಡದಿಂದ ಪರೀಕ್ಷಕರು ಬಂದು ಪ್ರಾಜೆಕ್ಟ್ ನೋಡಿ, ಪ್ರಶ್ನೆ ಕೇಳಿ ಮಾರ್ಕ್ಸ್ ಹಾಕುವುದು. ಅವರ ಮುಂದೆ ನಮ್ಮ ಕಂಪ್ಯೂಟರು ಬೆರಳಿಗಷ್ಟೇ ತೆರೆಯಬೇಕು ಎಂದು ಪಾಸ್‌ವರ್ಡನ್ನೇ ತೆಗೆದುಹಾಕಿದೆವು. ಅವಳ ಬೆರಳು ಅಥವಾ ನನ್ನದು, ಎರಡೇ ಕೀಲಿ. ಪರದೆ ಲಾಕ್ ಮಾಡಿ, ನಿಶ್ಚಿಂತೆಯಿಂದ ಹಬ್ಬಕ್ಕೆ ಹೊರಟೆವು.

ಮೈಮುನಾಳನ್ನೂ ಮುರಗೋಡಕ್ಕೆ ಕರೆದುಕೊಂಡು ಹೋಗಿದ್ದೆ. ರೊಟ್ಟಿ ಪಂಚಮಿಯ ದಿನ ನಮ್ಮಲ್ಲಿ ಕಟಕಟಿ ರೊಟ್ಟಿ, ಪಲ್ಯ, ಚಟ್ನಿ ಕಟ್ಟಿಕೊಂಡು ಓಣಿಯ ಮನೆಮನೆಗೆ ಕೊಟ್ಟು ಬರುವುದು. ಅವಳ ಕೈಗೂ ಒಂದು ಬುಟ್ಟಿ ಕೊಟ್ಟರು. ಓಣಿ ತಿರುಗಿ ಬಂದು, ಜೋಕಾಲಿ ಜೀಕಿ, ಶೇಂಗಾ ಉಂಡಿ ತಿಂದು ಕಟ್ಟೆಯ ಮೇಲೆ ಕುಳಿತಿದ್ದಾಗ ಅವ್ವ ರುಬ್ಬಿದ ಮದರಂಗಿಯ ಬಟ್ಟಲು ಹಿಡಿದು ಬಂದಳು.

"ಏನ ಬೇ, ಬೋಳ ಕೈಲೆ ಹಬ್ಬಾ ಮಾಡ್ತೀರಿ? ಕೈ ಕೊಡ್ರಿ ಇಲ್ಲೆ."

"ಬ್ಯಾಡ ಯವ್ವಾ, ವೈವಾ ಐತಿ. ಕೈ ಬೇಕು ನನಗ."

"ನಾ ಏನ ಕೈ ಕೊಯ್ಕೊಂಡ ಹೊಕ್ಕೇನೇನು? ಬಣ್ಣಾ ಹಚ್ಚತೇನಿ ಅಷ್ಟ."

ಮೈಮುನಾ ಆಗಲೇ ಎರಡೂ ಕೈ ಚಾಚಿ ಕುಳಿತಿದ್ದಳು. "ನನಗ ಬೆರಳ ತುದಿ ತುಂಬ ಹಚ್ರಿ ಅವ್ವಾರ. ಕಪ್ಪಗ ಏರಬೇಕ್ರಿ."

"ಕಪ್ಪಗ ಏರಿದ್ರ ಗಂಡ ಭಾಳ ಪ್ರೀತಿ ಮಾಡ್ತಾನಂತ" ಎಂದು ಸಾವಿತ್ರಿ ಕೆಣಕಿದಳು.

"ಗಂಡ ಇರ್ಲಿ ತಗೋ ತಂಗಿ. ಧಾರವಾಡದಿಂದ ಬರೂ ಪರೀಕ್ಷಕರು ಪ್ರೀತಿ ಮಾಡಿ ಮಾರ್ಕ್ಸ್ ಹಾಕಿದ್ರ ಸಾಕು."

ನಮ್ಮ ಕಡೆ ಬೆರಳ ತುದಿಗೆ ಟೊಪ್ಪಿಗೆ ಹಾಕಿದ ಹಾಗೆ ಮದರಂಗಿ ಮೆತ್ತುತ್ತಾರೆ. ಬೆಳಿಗ್ಗೆ ತೊಳೆದಾಗ ಹತ್ತೂ ಬೆರಳ ತುದಿ ಒಣ ಮೆಣಸಿನಕಾಯಿಯ ಬಣ್ಣಕ್ಕೆ ತಿರುಗಿದ್ದವು. ಮೈಮುನಾಳದು ಅವಳು ಕೇಳಿದ ಹಾಗೆ ಕಪ್ಪಗೇ ಏರಿತ್ತು.

ಸೂಟಿ ಮುಗಿಸಿ ಲ್ಯಾಬಿಗೆ ಬಂದೆವು. ಮಾರನೆಯ ದಿನ ವೈವಾ. ಡಬ್ಬಿಯ ಮೇಲೆ ಬೆರಳಿಟ್ಟೆ. ನೀಲಿ ಬೆಳಕು ಬಂತು, ಹೋಯಿತು. ಬೆರಳು ಸರಿಯಾಗಿ ಇಡಿ ಎಂದಿತು. ಮತ್ತೆ ಇಟ್ಟೆ. ಸರಿಯಾಗಿ ಇಡಿ. ಮೈಮುನಾ ಇಟ್ಟಳು. ಸರಿಯಾಗಿ ಇಡಿ.

ಮಳೆಯ ತಂಪಿಗೆ ಕೈ ಒದ್ದೆಯಾಗಿದೆ ಅಂದುಕೊಂಡು ಒರೆಸಿದೆವು. ಸಾಬೂನು ಹಚ್ಚಿ ತೊಳೆದೆವು. ಫ್ಯಾನಿನ ಕೆಳಗೆ ಒಣಗಿಸಿದೆವು. ಡಬ್ಬಿ ಕೆಟ್ಟಿರಬೇಕೆಂದು ಕಪಾಟಿನಿಂದ ಇನ್ನೊಂದು ತಂದು ಚುಚ್ಚಿದೆವು. ಅದೂ ಅದೇ ಮಾತು. ನಮ್ಮ ಕೆಲಸವೆಲ್ಲ ಆ ಪರದೆಯ ಹಿಂದೆ ಇತ್ತು, ನಾವೇ ಕಟ್ಟಿದ ಬಾಗಿಲಿನ ಹೊರಗೆ ನಾವು ನಿಂತಿದ್ದೆವು. ನನ್ನ ಕಣ್ಣ ಮುಂದೆ ಕಂಪ್ಯೂಟರು ಇರಲಿಲ್ಲ, ಮನೆಯ ಕಟ್ಟೆಯ ಮೇಲೆ ಕೂತ ಸಾವಿತ್ರಿ ಇದ್ದಳು.

ಹಿರೇಮಠ ಸರ್ ಬಂದರು. ಪಾಸ್‌ವರ್ಡ್ ತೆಗೆದದ್ದನ್ನು ಹೇಳಿದೆವು. ಬೈಯುತ್ತಾರೆ ಅಂದುಕೊಂಡಿದ್ದೆ. ಅವರು ಕುರ್ಚಿ ಎಳೆದು ಕುಳಿತರು.

"ಮನೀ ಕಟ್ಟಿ ಕೀಲಿ ಒಳಗಿಟ್ಟು ಬಾಗಲಾ ಹಾಕ್ಕೊಂಡ್ರೇನು? ಎಲ್ಲೆ, ಸರೀರಿ" ಎಂದು ತಮ್ಮ ಬೆರಳಿಟ್ಟರು.

ಪರದೆಯ ಮೇಲೆ ಬಂತು: ಬೆರಳು ಹೊಂದುತ್ತಿಲ್ಲ.

"ಮುಗೀತು, ನನಗೂ ತೆರೀಲಿಲ್ಲ" ಎಂದು ಏಳಲು ಹೋದರು. ಮೈಮುನಾ ಅವರ ತೋಳನ್ನೇ ಹಿಡಿದುಬಿಟ್ಟಳು.

"ಸರ್, ತಡೀರಿ. ನಿಮಗ ಹೊಂದವಲ್ದು ಅಂತು. ನಮಗ ಸರಿಯಾಗಿ ಇಡ್ರಿ ಅಂತೈತಿ. ನಿಮ್ಮ ಬೆರಳ ಅದಕ್ಕ ಕಂಡೈತ್ರಿ. ನಮ್ಮವು ಕಾಣವಲ್ವು."

ನಾವು ಮೂವರೂ ನಮ್ಮ ನಮ್ಮ ಬೆರಳು ನೋಡಿಕೊಂಡೆವು. ಸರ್ ಬೆರಳು ಸಾದಾ ಬೆರಳು. ನಮ್ಮವು ಕೆಂಪು ಟೊಪ್ಪಿಗೆ ಹಾಕಿಕೊಂಡು ನಿಂತಿದ್ದವು.

"ಯವ್ವಾ..." ಅಂದೆ ನಾನು. ಅವ್ವನನ್ನು ಕರೆದೆನೋ ಬೈದೆನೋ ತಿಳಿಯದು.

ಸರ್ ಒಂದು ಪೆನ್‌ಡ್ರೈವ್ ತಂದು, ಅದರಿಂದ ಕಂಪ್ಯೂಟರು ಎಬ್ಬಿಸಿ, ಪಾಸ್‌ವರ್ಡ್ ಮತ್ತೆ ಹಾಕಿ ಬಾಗಿಲು ತೆರೆದುಕೊಟ್ಟರು. ಒಳಗೆ ಹೋಗಿ ನನ್ನ ಬೆರಳಿನ ಚಿತ್ರ ತೆಗೆದು ನೋಡಿದರೆ ಬರೀ ಮಸಿ. ಗೆರೆಯ ಸುಳಿವೂ ಇಲ್ಲ. ಮದರಂಗಿ ಆ ನೀಲಿ ಬೆಳಕನ್ನೆಲ್ಲ ನುಂಗಿಬಿಟ್ಟಿತ್ತು.

ಹಾಗಾದರೆ ಹಳೆಯ ವ್ಯವಸ್ಥೆ ಈ ಬೆರಳಿಗೆ ಏನು ಮಾಡುತ್ತದೆ? ಡಬ್ಬಿಯನ್ನು ಕಿತ್ತು ಮೂಲೆಯ ಕಂಪ್ಯೂಟರಿಗೆ ಚುಚ್ಚಿದೆವು. ಮೈಮುನಾ ಕಪ್ಪು ಬೆರಳಿಟ್ಟಳು. ಅಲ್ಲಿ ಒಂದು ಕ್ಷಣ ತಡವಾಯಿತು, ಆಮೇಲೆ ಚಿತ್ರ ಬಂತು. ಸಂಖ್ಯೆಗಳ ಸಾಲು ತೆಗೆದು ನೋಡಿದೆ. ನಲವತ್ತೆಂಟು ಅಂದಿತ್ತು ಮೊದಲು. ಚಿತ್ರ ಕಪ್ಪಾಗಿ ಬಂದದ್ದು ನೋಡಿ ಅರವತ್ತು ಅಂದಿತ್ತು. ಮತ್ತೂ ಕಪ್ಪು, ಎಪ್ಪತ್ತೆರಡು. ಹೀಗೆ ಏರಿಸುತ್ತ ಏರಿಸುತ್ತ ಗೆರೆ ಕಾಣುವ ತನಕ ಹೋಗಿತ್ತು. ನಾವು ಅಷ್ಟು ದಿನ ಸಾದಾ ಬೆರಳನ್ನೇ ಇಟ್ಟು ಕೇಳಿದ್ದೆವು, ಅದಕ್ಕೇ ಅದು ಯಾವಾಗಲೂ ನಲವತ್ತೆಂಟಕ್ಕೇ ನಿಲ್ಲುತ್ತಿತ್ತು.

"ಬೆಳಕು!" ಎಂದು ನಾನು ಕೂಗಿದ್ದು ಹೊರಗಿನ ವರಾಂಡಾಕ್ಕೆ ಕೇಳಿತ್ತಂತೆ. "ಬೆಳಕ ಎಷ್ಟ ಹಚ್ಚಬೇಕಂತ ಹೇಳೂ ಸಂಖ್ಯಾ ಐತಿ ಲೇ ಅದು!"

ಅಲ್ಲೇ ಕುಳಿತು ಬರೆದೆವು. ಚಿತ್ರ ಕಪ್ಪಾದರೆ ಬೆಳಕು ಏರಿಸು, ಬಿಳುಚಿದರೆ ಇಳಿಸು, ಗೆರೆ ಕಾಣುವ ತನಕ ಬಿಡಬೇಡ. ಎರಡು ಸಲ ತಪ್ಪಿತು. ಒಮ್ಮೆ ಕರೆಂಟು ಹೋಗಿ ಬಂತು. ಸಂಜೆಯ ಬಸ್ಸಿಗೆ ಸ್ವಲ್ಪ ಮೊದಲು ನನ್ನ ಕೆಂಪು ಬೆರಳಿಟ್ಟೆ. ನೀಲಿ ಬೆಳಕು ಮಿನುಗಿತು, ಮತ್ತಷ್ಟು ಮಿನುಗಿತು, ಬಾಗಿಲು ತೆರೆಯಿತು. ಅಷ್ಟು ಹೊತ್ತೂ ಹಿಂದೆ ನಿಂತಿದ್ದ ಸರ್ ಅಂದರು:

"ನನಗ ಇನ್ನೂ ನಂಬಿಕಿ ಬರವಲ್ದು. ಮತ್ತೊಮ್ಮಿ ಇಡ ನೋಡೂಣು."

ಇಟ್ಟೆ. ತೆರೆಯಿತು. ಸರ್ ಹೊರಗೆ ಹೋಗಿ ಮೂರು ಚಹಾ ಹೇಳಿ ಬಂದರು. ಆ ಗುಂಪಿಗೂ ಅಂದೇ ಬರೆದು ಕಳಿಸಿದೆ, ಎರಡು ಚಿತ್ರಗಳ ಸಮೇತ. ಒಂದು ಮಸಿ, ಒಂದು ಬೆರಳು. ಮದರಂಗಿ ಅಂದರೆ ಏನು ಎಂದು ವಿವರಿಸಲು ನನಗೆ ಡ್ರೈವರ್ ವಿವರಿಸಿದ್ದಕ್ಕಿಂತ ಹೆಚ್ಚು ಸಾಲು ಬೇಕಾದವು.

ವೈವಾದ ದಿನ ಧಾರವಾಡದಿಂದ ಬಂದವರು ದೇಸಾಯಿ ಮೇಡಂ. ಮುಖ ಬಿಗಿದುಕೊಂಡೇ ಒಳಗೆ ಬಂದರು. ನಮಗಿಂತ ಮೊದಲು ಹೋದವರ ಗ್ರಂಥಾಲಯದ ಪ್ರಾಜೆಕ್ಟ್ ತೆರೆದರೆ ಮೊದಲ ಪುಟದಲ್ಲೇ ಹುಬ್ಬಳ್ಳಿಯ ಯಾವುದೋ ಕಾಲೇಜಿನ ಹೆಸರು ಬಂದಿತ್ತು. ಅದರ ಸಿಟ್ಟು ಇನ್ನೂ ಇಳಿದಿರಲಿಲ್ಲ.

"ನೀವು ಎಲ್ಲಿಂದ ತಂದೀರಿ?" ಎಂದು ಕೇಳಿದರು.

"ತಂದಿಲ್ರಿ ಮೇಡಂ. ಇಲ್ಲೇ ಕುಂತು ಮಾಡೇವ್ರಿ."

"ಎಲ್ಲಾರೂ ಹಂಗ ಅಂತಾರ. ಬರೆದಿದ್ದು ತೋರಸ್ರಿ."

ತೋರಿಸಿದೆವು. ಮೇಡಂ ಸಾಲು ಸಾಲಾಗಿ ಓದುತ್ತ ಬಂದರು. ಒಂದು ಕಡೆ ಬೆರಳಿಟ್ಟು ನಿಲ್ಲಿಸಿದರು. "ಇಲ್ಲೆ ನಲವತ್ತೆಂಟ್ಲೆ ಸುರು ಮಾಡೀರಿ. ಯಾಕ? ಆಮ್ಯಾಲ ಏರಸ್ಕೋತ ಹೊಂಟೀರಿ. ಅದ್ಯಾಕ?"

ಎರಡು ದಿನ ಮೊದಲು ಕೇಳಿದ್ದರೆ ನಾನು ನೆಲ ನೋಡುತ್ತಿದ್ದೆ. ಈಗ ಎರಡು ಚಿತ್ರ ಪಕ್ಕಪಕ್ಕ ತೆರೆದಿಟ್ಟು ಹೇಳಿದೆ. ಬೆಳಕು, ಮದರಂಗಿ, ಪಂಚಮಿ, ಬಾಗಿಲು ಹಾಕಿಕೊಂಡು ಹೊರಗೆ ನಿಂತದ್ದು, ಎಲ್ಲ. ಹೇಳುತ್ತ ಹೇಳುತ್ತ ನನ್ನ ಪುಸ್ತಕದ ಭಾಷೆ ಹೋಗಿ ಮುರಗೋಡದ ಭಾಷೆ ಬಂತು. ಮೈಮುನಾ ನಡುವೆ ಬಾಯಿ ಹಾಕಿ, "ನಮ್ಮ ಸರ್ ಬೆರಳ ಇಡಲಿಲ್ಲಂದ್ರ ಗೊತ್ತ ಆಗತಿರ್ಲಿಲ್ರಿ ಮೇಡಂ" ಅಂದಳು. ಸರ್ ಕಿಟಕಿಯ ಕಡೆ ಮುಖ ತಿರುಗಿಸಿದರು.

ಮೇಡಂ ಅಲ್ಲಿಯವರೆಗೆ ಸೆರಗಿನಲ್ಲಿ ಸುತ್ತಿಕೊಂಡಿದ್ದ ಎಡಗೈ ಹೊರತೆಗೆದರು. ಐದೂ ಬೆರಳ ತುದಿ ಕಪ್ಪಿಗೆ ತಿರುಗಿದ ಗಾಢ ಕೆಂಪು.

"ನಮ್ಮನ್ಯಾಗೂ ಪಂಚಮಿ ಆಗೇತ್ವಾ. ಇದನ್ನ ಓದತೈತೇನು ನಿಮ್ಮ ಡಬ್ಬಿ?"

ಅವರ ಬೆರಳನ್ನು ಹೊಸದಾಗಿ ಸೇರಿಸಬೇಕು, ಆಮೇಲೆ ಅದೇ ಬೆರಳಿಗೆ ತೆರೆಯಬೇಕು. ಅವರು ಬೆರಳಿಟ್ಟು ಎತ್ತಿ, ಇಟ್ಟು ಎತ್ತಿ ಮಾಡುವಾಗ ನಾನು ಪರದೆ ನೋಡಲಿಲ್ಲ, ಮೈಮುನಾಳ ಮುಖ ನೋಡಿದೆ. ಅವಳ ತುಟಿ ಅಲುಗುತ್ತಿತ್ತು, ಯಾವುದೋ ದುಆ ಬೇಡುತ್ತಿದ್ದಳು. ಪರದೆ ಲಾಕ್ ಮಾಡಿದೆ. ಮೇಡಂ ಕೊನೆಯ ಸಲ ಬೆರಳಿಟ್ಟರು. ನೀಲಿ ಬೆಳಕು ಒಂದು ಸಲ, ಇನ್ನೊಂದು ಸಲ, ಮತ್ತೂ ಒಂದು ಸಲ ಏರಿತು. ಅವರದು ಮೈಮುನಾಳದಕ್ಕಿಂತ ಕಪ್ಪಗೆ ಏರಿತ್ತು ಕಾಣುತ್ತದೆ. ಬಾಗಿಲು ತೆರೆಯಿತು.

ಮೇಡಂ ಮೊದಲ ಸಲ ನಕ್ಕರು. "ನಮ್ಮ ಆಫೀಸಿನ ಹಾಜರಿ ಮಷೀನ್ ಹಬ್ಬಾ ಆದ ವಾರ ನನ್ನ ಗುರ್ತ ಹಿಡಿಯಂಗಿಲ್ಲ. ನೀವು ಹಿಡದ್ರಿ. ಹೋಗ್ರಿ, ಮುಂದಿನವ್ರನ್ನ ಕಳಸ್ರಿ."

ಬಾಗಿಲ ಹೊರಗೆ ಬಂದು ಮೈಮುನಾ 'ಹುರ್ರೇ' ಎಂದು ಹಾರಿ, ಅಲ್ಲಿ ಒಣಗಲು ಹಾಕಿದ್ದ ಕೊಡೆಗಳನ್ನೆಲ್ಲ ಉರುಳಿಸಿದಳು.

ಫಲಿತಾಂಶ ಬಂದಾಗ ಹೊಲಗಳಲ್ಲಿ ಹೆಸರುಕಾಯಿ ಬಿಡಿಸುತ್ತಿದ್ದರು. ಇಬ್ಬರೂ ಪಾಸು, ಪ್ರಾಜೆಕ್ಟಿನಲ್ಲಿ ವರ್ಗಕ್ಕೇ ಹೆಚ್ಚು. ನಾನು ಮನೆಗೆ ಬಂದು ಹೇಳಿದೆ. ಮರುದಿನ ಬೆಳಿಗ್ಗೆ ಅಪ್ಪ ಒಗೆದ ಧೋತರ ಉಟ್ಟು, ಹಳದಿ ರುಮಾಲು ಸುತ್ತಿ, ಅಂಗಳದಲ್ಲಿ ನಿಂತು ಕೂಗಿದ:

"ಸಾವಿತ್ರೀ, ಎಲ್ಲಾ ಕಾಗದಾ ತಗೊಂಡು ಲಗೂನ ಬಾ. ಬಸ್ ಹೊಕ್ಕೈತಿ."

ಕಾಕಾ ಎದುರು ಮನೆಯ ಕಟ್ಟೆಯಿಂದ, "ಎಲ್ಲಿಗಿ ಮುಂಜಾನೆದ್ದು?" ಎಂದು ಕೇಳಿದ.

"ಬೈಲಹೊಂಗಲಕ್ಕ. ಕಾಲೇಜಿಗಿ. ಹೆಸರ ಹಚ್ಚಾಕ" ಎಂದು ಅಪ್ಪ ಸಂತೆಗೆ ಕೇಳುವಷ್ಟು ದೊಡ್ಡ ದನಿಯಲ್ಲಿ ಅಂದ.

ನಮ್ಮ ಡ್ರೈವರನ್ನು ಆ ಗುಂಪು ಸೇರಿಸಿಕೊಂಡಿತು. ಬರೆದವರ ಹೆಸರುಗಳ ಸಾಲಿನಲ್ಲಿ ನನ್ನದೂ ಮೈಮುನಾಳದೂ ಇವೆ, ದೂರದ ಯಾರ್ಯಾರದೋ ಹೆಸರುಗಳ ನಡುವೆ. ಈಗ ಆ ಡಬ್ಬಿ ಸಿಕ್ಕಲ್ಲೆಲ್ಲ ನಾನು ಏನೂ ಮಾಡಬೇಕಾಗಿಲ್ಲ. ಚುಚ್ಚಿದರೆ ನಡೆಯುತ್ತದೆ. ಕಿತ್ತೂರಿನಲ್ಲಿ, ಸವದತ್ತಿಯಲ್ಲಿ ಮಕ್ಕಳು ಬೆರಳಿಟ್ಟು ಒಳಗೆ ಹೋಗುವುದನ್ನು ಹಿಂದೆ ನಿಂತು ನೋಡುತ್ತೇನೆ. ಅದನ್ನು ಬರೆದವರು ಯಾರೆಂದು ಯಾರೂ ಕೇಳುವುದಿಲ್ಲ, ನಾನೂ ಹೇಳುವುದಿಲ್ಲ. ಒಳಗೊಳಗೇ ಎದೆ ಮಾತ್ರ ಸ್ವಲ್ಪ ಮೇಲೆ ಬರುತ್ತದೆ. ಮೈಮುನಾ ಮದುವೆಯಾಗಿ ಗೋಕಾಕದಲ್ಲಿದ್ದಾಳೆ, ಅಲ್ಲಿಯ ಕಾಲೇಜೊಂದರ ಲ್ಯಾಬು ನೋಡಿಕೊಳ್ಳುತ್ತಾಳೆ.

ಪದವಿ ಪ್ರಮಾಣಪತ್ರ ಕೈಗೆ ಬರಲು ಮತ್ತೊಂದು ಮಳೆಗಾಲ ಹಿಡಿಯಿತು. ಹಿರೇಮಠ ಸರ್ ತಮ್ಮ ಕೈಯಾರೆ ಕೊಟ್ಟು, "ಮಡಚಬ್ಯಾಡವಾ, ಹಂಗ ಒಯ್ಯಿ" ಅಂದರು. ಬಸ್ಸಿನಲ್ಲಿ ಯಾರ ಮೊಣಕೈಯೂ ತಾಗದ ಹಾಗೆ ಎದೆಗವಚಿಕೊಂಡು ತಂದೆ.

ಅವ್ವ ಪಡಸಾಲೆಯಲ್ಲಿ ಕುಳಿತು ಮೊರದಲ್ಲಿ ಹೆಸರು ಹಸನು ಮಾಡುತ್ತಿದ್ದಳು. ಕೈ ಝಾಡಿಸಿ, ಸೆರಗಿಗೆ ಒರೆಸಿ, ಎರಡೂ ಅಂಗೈ ಒಟ್ಟು ಮಾಡಿ ಮುಂದೆ ಚಾಚಿದಳು. ಆ ಕೈಗಳಲ್ಲಿ ಪ್ರಮಾಣಪತ್ರ ಇಟ್ಟೆ.

"ನಿನ್ನ ಹೆಸರ ಎಲ್ಲೈತಿ?"

ತೋರಿಸಿದೆ.

"ಅಪ್ಪಂದು?"

ಅದನ್ನೂ ತೋರಿಸಿದೆ.

"ಅದರ ತೆಳಗ ಮತ್ತ ಯಾರದೈತಿ?"

ಸಾವಿತ್ರಿ ಅವ್ವನ ಹೆಗಲ ಮೇಲಿಂದ ಬಗ್ಗಿ ಓದಿದಳು: "ತಾಯಿಯ ಹೆಸರು, ಗಂಗವ್ವ."

ಅವ್ವ ಇನ್ನೊಮ್ಮೆ ಓದಿಸಿದಳು. ಆ ಅಕ್ಷರಗಳ ಮೇಲೆ ಕೈ ಇಡಲು ಹೋಗಿ, ಇಡದೆ, ಹಿಂದೆ ತೆಗೆದುಕೊಂಡಳು. ಮೊರದ ಕಡೆ ನೋಡಿದಳು, ನನ್ನ ಕಡೆ ನೋಡಿದಳು. ಆಮೇಲೆ ಯಾರಿಗೂ ಅಲ್ಲ ಎಂಬಂತೆ ಅಂದಳು:

"ನಾ ಒಂದಿನಾ ಸಾಲಿಗಿ ಹೋಗ್ಲಿಲ್ಲ. ನನ್ನ ಹೆಸರಾದ್ರೂ ಹೋಗಿ ಕಲ್ತ ಬಂತ ನೋಡು."